ಕೆಂಪಿಯ ಹೆಸರಿನ ಲೋಟ

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಬೋರ್ಡಿನ ಮೇಲೆ ಬರೆಯುವಾಗ ಆ ಸೀಳಿನೊಳಗೆ ಸೀಮೆಸುಣ್ಣದ ಪುಡಿ ತುಂಬಿಕೊಳ್ಳುತ್ತಿತ್ತು. ಪಾಠ ಮುಗಿದ ಮೇಲೆ ಕಿಟಕಿಯ ಹತ್ತಿರ ನಿಂತು ಸೆರಗಿನ ಪಿನ್ನಿನಿಂದ ಅದನ್ನು ಕೆರೆದು ತೆಗೆಯುತ್ತಿದ್ದರು. ಉಗುರು ಸೀಳಿದ್ದು ನಮ್ಮ ಶಾಲೆಯ ಪುಸ್ತಕದ ಬೀರುವಿನಿಂದ. ಪುಸ್ತಕ ಕಳೆದುಹೋದರೆ ಉತ್ತರ ಹೇಳಬೇಕಾದೀತು ಎಂದು ಹೆದರಿ ಯಾರಿಗೂ ಪುಸ್ತಕವನ್ನೇ ಕೊಡದ ಶಾಲೆ ನಮ್ಮದು. ಬೀರುವಿಗೆ ಬೀಗ ಹಾಕಿ ಕೀಯನ್ನು ಹೆಡ್‌ಮಾಸ್ಟರು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಮೇಡಂ ಬಂದ ವಾರವೇ ಕೀ ಕೇಳಿದರು. ಹೆಡ್‌ಮಾಸ್ಟರು ನಾಳೆ ಕೊಡೋಣ ಅಂದರು. ಮರುದಿನ ಕೇಳಿದರೆ ನಾಡಿದ್ದು ನೋಡೋಣ ಅಂದರು. ಆಮೇಲೆ ಒಂದು ದಿನ ಮೇಡಂ ಬಾಗಿಲ ಸಂದಿಗೆ ಹೆಬ್ಬೆರಳು ತೂರಿಸಿ ಎಳೆದೇಬಿಟ್ಟರು. ಬಾಗಿಲು ಕಿತ್ತುಕೊಂಡು ಬಂತು, ಉಗುರೂ ಸೀಳಿತು. ರಕ್ತ ಸುರಿಯುವ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ಬನ್ರೋ, ಒಬ್ಬೊಬ್ರು ಒಂದೊಂದು ತಗೊಳ್ಳಿ" ಅಂದರು.

ಅವರನ್ನು ನೆನೆದರೆ ನನಗೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ. ಸತ್ತವರ ಬಗ್ಗೆ ತಣ್ಣಗೆ ಬರೆಯಬೇಕಂತೆ. ಬರೆಯುವವರು ಬರೆಯಲಿ, ನನ್ನ ಕೈಲಿ ಆಗದು.

ನಂಜನಗೂಡಿನ ಆ ಹೈಸ್ಕೂಲಿಗೆ ಮೇಡಂ ದಿನಾ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಾಯಂ ಕೆಲಸವಲ್ಲ. ಸಮಾಜ ವಿಜ್ಞಾನ ಹೇಳಿಕೊಡುವುದಕ್ಕೆ ಕರೆದಿದ್ದರು. ಯಾರಿಗೂ ಬೇಡವಾದ ಲೈಬ್ರರಿ ಪೀರಿಯಡ್ಡನ್ನೂ ಅವರ ತಲೆಗೆ ಕಟ್ಟಿದ್ದರು. ಬೀರುವಿನಲ್ಲಿ ನಮ್ಮ ವಯಸ್ಸಿನ ಹುಡುಗ ಹುಡುಗಿಯರ ಕಾದಂಬರಿಗಳೇ ಬೇಕಾದಷ್ಟಿದ್ದವು. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದರಂತೆ. ಕಟ್ಟು ಬಿಚ್ಚಿದವರೇ ಇರಲಿಲ್ಲ. ಆ ವರ್ಷ ಗೆದ್ದಲಿಗಿಂತ ಮುಂಚೆ ನಾವು ಅವನ್ನು ತಿಂದು ಮುಗಿಸಿದೆವು.

ನಮ್ಮ ಕಡೆ ಸ್ಕೂಲ್ ಡೇ ಬಹುಮಾನ ಅಂದರೆ ಸ್ಟೀಲಿನ ಪಾತ್ರೆ. ಲೋಟ, ತಟ್ಟೆ, ಡಬ್ಬಿ. ಅವನ್ನು ಯಾರ ಮಕ್ಕಳು ಮನೆಗೆ ತೆಗೆದುಕೊಂಡು ಹೋಗುತ್ತಾರೆ ಎನ್ನುವುದು ವರ್ಷದ ಆರಂಭದಲ್ಲೇ ಎಲ್ಲರಿಗೂ ಗೊತ್ತಿರುತ್ತಿತ್ತು. ನಾವು ಕೆಳಗೆ ಕೂತು ಚಪ್ಪಾಳೆ ತಟ್ಟುವವರು. ಅದನ್ನು ಕಂಡ ಮೇಡಂ, "ಇವರು ಇವರ ಪ್ರಶಸ್ತಿ ಕೊಟ್ಕೊಳ್ಳಲಿ. ನಾವು ನಮ್ಮ ಪುಸ್ತಕದೋರಿಗೆ ಕೊಡೋಣ" ಅಂದರು.

ಹಾಗೆ ಶುರುವಾಯಿತು. ಸ್ಕೂಲ್ ಡೇ ಮುಗಿದ ಮರುದಿನ ಸೈಕಲ್ ಸ್ಟ್ಯಾಂಡಿನಲ್ಲಿ ನಮ್ಮ ಸಭೆ. ಕಾದಂಬರಿಗಳ ಪಾತ್ರಗಳಿಗೆ ಪ್ರಶಸ್ತಿ. ಕರೆಯದ ಮದುವೆಗೆ ಹೋಗಿ ಎರಡು ಪಂಕ್ತಿಯಲ್ಲೂ ಕೂತು ಉಂಡ ಹುಡುಗನಿಗೆ 'ನಾಚಿಕೆ ಬಿಟ್ಟವನು' ಪ್ರಶಸ್ತಿ. ಕಂಡಕಂಡವರ ಮೇಲೆಲ್ಲ ಮನಸ್ಸಾಗುವ ಒಬ್ಬಳಿಗೆ 'ಈ ವಾರ ಯಾರಮ್ಮ' ಪ್ರಶಸ್ತಿ. ನಾಯಕಿಯ ಕಷ್ಟಕ್ಕೆಲ್ಲ ಓಡಿ ಬಂದು, ತನಗೆ ಅಂತ ಒಂದು ಪುಟವೂ ಸಿಗದ ಗೆಳತಿಗೆ 'ಪಾಪದ ಪ್ರಾಣಿ' ಪ್ರಶಸ್ತಿ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಆದರೆ ಹೆಸರು ಸೂಚಿಸಿದವರು ಎದ್ದು ನಿಂತು ಕಾರಣ ಹೇಳಲೇಬೇಕು. "ಇಷ್ಟ ಮೇಡಂ" ಅಂದರೆ ನಡೆಯುತ್ತಿರಲಿಲ್ಲ. "ಇಷ್ಟ ಅನ್ನೋದು ನಿನ್ನ ಸಮಾಚಾರ. ಯಾಕೆ ಅಂತ ಹೇಳು, ಇಲ್ದಿದ್ರೆ ಕೂತ್ಕೊ" ಅನ್ನುತ್ತಿದ್ದರು. ಈ ಮಾತನ್ನು ಅವರು ಎಷ್ಟು ಸಲ ಅಂದಿದ್ದಾರೋ ಲೆಕ್ಕವಿಲ್ಲ.

ಗೆದ್ದ ಪಾತ್ರದ ಹೆಸರನ್ನು ಮೇಡಂ ಪೇಟೆ ಬೀದಿಯ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಲೋಟದ ಮೇಲೆ ಕೊರೆಸುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವರು ಗುರ್ರೆನ್ನುವ ಮಿಷನ್ನು ಹಿಡಿದುಕೊಂಡು, "ಮದುವೆಗಾ ಮೇಡಂ? ಇವರೆಲ್ಲ ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?" ಅಂತ ಕೇಳಿದರು.

"ಎಲ್ಲಾ ನಮ್ಮ ಕಡೆಯೋರೇ, ಕೊರೀರಿ" ಅಂದರು ಮೇಡಂ.

ಲೋಟ ಯಾರ ಮನೆಗೆ ಹೋಗಬೇಕು ಎನ್ನುವುದರಲ್ಲೂ ಅವರದು ವಿಚಿತ್ರ ಕಾನೂನು. ಹೆಸರು ಸೂಚಿಸಿ ಗೆದ್ದವರಿಗೆ ಇಲ್ಲ. ಆ ಹೆಸರು ಬೇಡ ಅಂತ ವಾದ ಮಾಡಿ ಸೋತವರು ಅದನ್ನು ಮನೆಗೆ ಒಯ್ಯಬೇಕು. "ಗೆದ್ದೋರಿಗೆ ಹೇಗೂ ನೆನಪಿರುತ್ತೆ. ಸೋತೋರು ದಿನಾ ನೀರು ಕುಡೀವಾಗ ನೆನೆಸ್ಕೊಳ್ಳಲಿ."

ಆ ಕಾನೂನೇ ಅವರಿಗೆ ಮುಳುವಾಯಿತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೆಂಪಿಯ ಹೆಸರು ಸೂಚಿಸಿದೆ. ಕಾದಂಬರಿಯಲ್ಲಿ ಕೆಂಪಿ ಊರಾಚೆಯ ಬೀದಿಯ ಹುಡುಗಿ. ನನ್ನ ಹಾಗೆಯೇ. ಶಾಲೆಯಲ್ಲಿ ದಿನಾ ಕಸ ಗುಡಿಸುವ ಕೆಲಸ ಅವಳಿಗೆ ಮಾತ್ರ. ಒಂದು ದಿನ ಅವಳು ಪೊರಕೆಯನ್ನು ಮೇಷ್ಟ್ರ ಕುರ್ಚಿಯ ಮೇಲೆ ಇಟ್ಟು, ಹೋಗಿ ಮೊದಲನೇ ಬೆಂಚಿನಲ್ಲಿ ಕೂರುತ್ತಾಳೆ. ಅಷ್ಟೇ. ಆ ಪುಟವನ್ನು ನಾನು ಓದಿ ಓದಿ ಹಾಳೆ ಮೆತ್ತಗಾಗಿತ್ತು. ಅವಳಿಗೆ 'ಎದುರುತ್ತರ' ಪ್ರಶಸ್ತಿ ಕೊಡಬೇಕು ಅಂದೆ. ನಮ್ಮ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. ಶಾಲೆಯ ಆಡಳಿತ ಮಂಡಳಿಯಲ್ಲಿದ್ದ ಯಜಮಾನರ ಮಗ ಅವನು.

"ಬೇಡ ಮೇಡಂ. ದೊಡ್ಡೋರ್ ಕುರ್ಚಿ ಮೇಲೆ ಪೊರಕೆ ಮಡಗ್ತಾರಾ? ಮರ್ಯಾದೆನೇ ಇಲ್ಲ ಅವಳಿಗೆ."

ಮೇಡಂ ನನ್ನ ಕಡೆ ತಿರುಗಿದರು. "ಇಷ್ಟ ಮೇಡಂ" ಅಂದೆ.

"ಯಾಕೆ ಅಂತ ಹೇಳು, ಇಲ್ದಿದ್ರೆ ಕೂತ್ಕೊ."

ಮೈ ಉರಿದುಹೋಯಿತು. ಇವರೂ ಹೀಗೇನಾ ಅನ್ನಿಸಿತು. ಕೂರಲು ಬಗ್ಗಿದವಳು ಎದ್ದು ಕಿರುಚಿಬಿಟ್ಟೆ. "ನಮ್ ಬೀದಿಯೋರ್ ಕೈಗೇ ಯಾಕ್ ಮೇಡಂ ಪೊರಕೆ ಕೊಡ್ತಾರೆ? ಬೆಲ್ ಒಡೆಯೋಕ್ ಮುಂಚೆ ಬಂದು ನಾನೂ ನನ್ ತಂಗೀನೂ ವರಾಂಡ ಗುಡಿಸ್ತೀವಿ. ಇವನ್ ಕೈಗೆ ಒಂದಿನಾನಾದ್ರೂ ಕೊಟ್ಟವ್ರಾ? ನಂಗೆ ಕುರ್ಚಿ ಮೇಲೆ ಮಡಗಕ್ಕೆ ಧೈರ್ಯ ಬರ್ನಿಲ್ಲ. ಅವಳು ಮಡಗುದ್ಲು. ಅದಕ್ಕೆ!"

ಮೇಡಂ ಮುಖ ಕಪ್ಪಿಟ್ಟಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಅವರ ಬಸ್ಸು ಬರುವ ಹೊತ್ತಿಗೆ ನಮ್ಮ ಗುಡಿಸುವಿಕೆ ಮುಗಿದು ನಾವು ಕೈ ತೊಳೆದಿರುತ್ತಿದ್ದೆವು. "ಕೆಂಪಿಗೆ ಕೊಡೋದಾದ್ರೆ ಕೈ ಎತ್ತಿ" ಅಂದರು. ಮೊದಲು ಎದ್ದದ್ದು ಆ ಹುಡುಗನ ಕೈ. ಅವನು ಕೆಟ್ಟವನಾಗಿರಲಿಲ್ಲ. ಯಾರೂ ಅವನಿಗೆ ಅಲ್ಲಿಯವರೆಗೆ ಕಾರಣ ಹೇಳಿರಲಿಲ್ಲ, ಅಷ್ಟೇ.

ಮರುದಿನವೇ ಮೇಡಂ ಹಾಜರಿಯ ಸರದಿ ಪ್ರಕಾರ ಎಲ್ಲರೂ ಗುಡಿಸಬೇಕು ಅಂತ ಮಾಡಿದರು. ಮೊದಲ ಬಸ್ಸಿಗೇ ಬಂದು ತಾವೂ ಒಂದು ಪೊರಕೆ ಹಿಡಿದರು. ಆ ಹುಡುಗ ಧೂಳಿಗೆ ಸೀನುತ್ತಾ ಗುಡಿಸಿದ. ಅದೇ ವಾರ ಲೋಟವೂ ಬಂತು. 'ಕೆಂಪಿ' ಅಂತ ದುಂಡಗೆ ಕೊರೆದಿತ್ತು. ಕಾನೂನಿನ ಪ್ರಕಾರ ಅವನು ಅದನ್ನು ಖುಷಿಯಾಗಿಯೇ ಮನೆಗೆ ಒಯ್ದ.

ಪಾತ್ರೆಯ ಮೇಲೆ ಹೆಸರಿದ್ದರೆ ಅದು ಆ ಹೆಸರಿನವರ ಮನೆಯದು. ಬೇರೆಯವರ ಹೆಸರಿನ ಪಾತ್ರೆ ನಮ್ಮ ಮನೆಯಲ್ಲಿದ್ದರೆ ಒಂದೋ ಎರವಲು ತಂದದ್ದು, ಇಲ್ಲ ಕದ್ದದ್ದು. ಅವನ ಅಜ್ಜಿ ಲೋಟ ತಿರುಗಿಸಿ ನೋಡಿ, "ಯಾರ್ ಮನೇದ್ಲಾ ಇದು?" ಅಂದರಂತೆ. ಪೆದ್ದು ಮುಂಡೇದು ಇಡೀ ಕತೆ ಹೇಳಿದ. ಊರಾಚೆಯ ಬೀದಿಯನ್ನೂ ಸೇರಿಸಿ ಹೇಳಿದ. ಅಜ್ಜಿ ಲೋಟವನ್ನು ಅಂಗಳಕ್ಕೆ ಎಸೆದು, ಅಡುಗೆಮನೆಗೆ ನೀರು ಹಾಕಿ ತೊಳೆಸಿದರಂತೆ. ಇದನ್ನು ಅವನೇ ಅಳುತ್ತಾ ನಮಗೆ ಹೇಳಿದ.

ಯಜಮಾನರು ಶಾಲೆಗೆ ಬಂದರು. ನಾನು ಹಾಜರಿ ಪುಸ್ತಕ ತರಲು ಹೆಡ್‌ಮಾಸ್ಟರ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಲೋಟವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಬೆರಳು ತಾಗದ ಹಾಗೆ ಪೇಪರು ಬಿಚ್ಚಿ ಮೇಜಿನ ಮೇಲೆ ಉರುಳಿಸಿದರು.

"ಯಾರ್ ಮೇಡಮ್ಮೋರೇ ಈ ಕೆಂಪಿ? ಕರೀರಿ ಅವಳ್ನ. ಅವರಪ್ಪನ್ನೂ ಕರೀರಿ."

"ಕರೆಯೋಕಾಗಲ್ಲ ಸಾರ್. ಅವಳು ಕಾದಂಬರೀಲಿದಾಳೆ."

"ಅಂಗಂದ್ರೆ?"

"ಕತೆ ಸಾರ್. ಅವಳು ಹುಟ್ಟೇ ಇಲ್ಲ."

ಯಜಮಾನರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಅವರು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಕುದಿಯುತ್ತದೆ. "ಉಟ್ದೆ ಓದ್ರೇನು? ಯಾವ್ ಬೀದಿಯೋಳು ಅಂತ ಬರ್ದೈತಲ್ಲ! ಅವಳ ಎಸ್ರಿನ್ ಲೋಟ ನಮ್ಮನೆ ಅಡ್ಗೆಮನೇಲಿ ಯಾಕಿರ್ಬೇಕು?"

ಥೂ! ಹುಟ್ಟದ ಹುಡುಗಿಗೂ ಮೈಲಿಗೆ ಅಂಟಿಸಿದ ಜನ. ಕಾಗದದ ಮೇಲಿನ ಹುಡುಗಿ, ಅವಳು ಯಾವ ಅಡುಗೆಮನೆಗೆ ನುಗ್ಗಿದ್ದಳು? ಯಾವ ನೀರು ಮುಟ್ಟಿದ್ದಳು?

ಹೆಡ್‌ಮಾಸ್ಟರು ಬೆವರು ಒರೆಸಿಕೊಂಡರು. "ಮೇಡಂ, ತಪ್ಪಾಯ್ತು, ಇನ್ಮೇಲೆ ಹಿಂಗಾಗಲ್ಲ ಅಂತ ಎರಡು ಸಾಲು ಬರ್ಕೊಟ್ಬಿಡಿ. ಮುಗಿದೋಗ್ಲಿ."

"ಬರ್ಕೊಡ್ತೀನಿ ಸಾರ್. ಏನು ತಪ್ಪು ಅಂತ ನೀವು ಹೇಳಿ, ಹಾಗೇ ಬರೀತೀನಿ. ಯಾಕೆ ಅಂತ ಹೇಳಿ."

ಹೆಡ್‌ಮಾಸ್ಟರು ಫ್ಯಾನು ನೋಡಿದರು. ಯಜಮಾನರು ಮೀಸೆ ತಿರುವಿದರು. ಆ ಕಾರಣವನ್ನು ಬಾಯಲ್ಲಿ ಆಡಬಹುದು, ಮನೆಯಲ್ಲಿ ಆಚರಿಸಬಹುದು, ಕಾಗದದ ಮೇಲೆ ಇಳಿಸಿದರೆ ಮಾತ್ರ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಇಬ್ಬರಿಗೂ ಅದು ಚೆನ್ನಾಗಿ ಗೊತ್ತಿತ್ತು. ಮೇಡಂ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡು, ಮೂಲೆಯಲ್ಲಿದ್ದ ಫಿಲ್ಟರಿನಿಂದ ನೀರು ತುಂಬಿಸಿ, ಅವರಿಬ್ಬರ ಎದುರೇ ಗಟಗಟ ಕುಡಿದರು. ಬಾಯಿ ಒರೆಸಿಕೊಂಡು ಲೋಟವನ್ನು ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ಬಂದರು.

ಕಾಯಂ ಅಲ್ಲದವರನ್ನು ಕಳಿಸಲು ಕಾರಣ ಬರೆಯಬೇಕಾಗಿಲ್ಲ. ಸೋಮವಾರದಿಂದ ಬರಬೇಡಿ ಅಂದರು. ಆ ಸೋಮವಾರ ಪೊರಕೆ ಮತ್ತೆ ನಮ್ಮ ಕೈಗೆ ಬಂತು. ಬೀರುವಿಗೆ ಹೊಸ ಬೀಗ ಬಂತು. ಅಪ್ಪ ಹೋಗಿ ಕೇಳಿದ್ದಕ್ಕೆ, "ನಿನ್ ಮಗಳ ಟಿ.ಸಿ. ಕೊಟ್ಬಿಡೋದಾ?" ಅಂದರಂತೆ. ಮೇಡಂ ಜೊತೆ ದಿನಾ ಡಬ್ಬಿ ಹಂಚಿಕೊಂಡು ಉಂಡ ಟೀಚರುಗಳಲ್ಲಿ ಒಬ್ಬರಾದರೂ ತುಟಿ ಬಿಚ್ಚಿದ್ದರೆ ಕೇಳಿ. ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ನಾನೀಗ ಬಸ್ ಕಂಡಕ್ಟರ್. ನಂಜನಗೂಡು–ನರಸೀಪುರದ ದಾರಿಯಲ್ಲಿ ನನ್ನ ಡ್ಯೂಟಿ ಬಿದ್ದಾಗೆಲ್ಲ ಮೇಡಂ ಸಿಗುತ್ತಿದ್ದರು. ಒಂದು ಕಾನ್ವೆಂಟಿನಲ್ಲಿ ಸ್ವಲ್ಪ ದಿನ, ಇನ್ನೊಂದರಲ್ಲಿ ಸ್ವಲ್ಪ ದಿನ. ಎಲ್ಲಿಯೂ ಕಾಯಂ ಆಗಲಿಲ್ಲ. ಹೋದ ಕಡೆಯಲ್ಲೆಲ್ಲ ಮಕ್ಕಳಿಂದ ಪ್ರಶಸ್ತಿ ಕೊಡಿಸಿದರು. ನನ್ನ ಖಾಕಿ ಜೇಬಿನಿಂದ ಇಣುಕುವ ಪುಸ್ತಕ ಕಂಡರೆ, ತಲಕಾಡಿಗೆ ಹೊರಟ ಜನರ ನೂಕುನುಗ್ಗಲಿನ ನಡುವೆಯೂ ಬಾರು ಹಿಡಿದು ಜೋತಾಡುತ್ತಾ, "ಈ ವರ್ಷ ಯಾರಿಗೆ ಕೊಡ್ತೀಯೆ?" ಅನ್ನುತ್ತಿದ್ದರು. ಟಿಕೆಟ್ ಹರಿಯುವುದು ಬಿಟ್ಟು ನಾನು ಕಾರಣ ಹೇಳುತ್ತಿದ್ದೆ. ಡ್ರೈವರಣ್ಣ ಬೈಯುತ್ತಿದ್ದ. ಅವರ ಮನೆಗೆ ಹೋದರೆ ಮಜ್ಜಿಗೆ ಕೊಡುತ್ತಿದ್ದದ್ದು ಕೆಂಪಿಯ ಲೋಟದಲ್ಲೇ. ಹೋದ ವರ್ಷ ಜ್ವರ ಅಂತ ಮಲಗಿದವರು ಮತ್ತೆ ಏಳಲಿಲ್ಲ. ನರಸೀಪುರದ ಹೆಂಗಸೊಬ್ಬರು ಟಿಕೆಟ್ ತಗೊಳ್ಳುವಾಗ ಹೇಳಿದರು. ಮಣ್ಣಿಗೆ ಹೋಗಿ ಬಂದೆ. ಅವರ ತಂಗಿ ಆ ಲೋಟ ನನಗೆ ಕೊಟ್ಟರು.

ಈ ಸಲದ ಸ್ಕೂಲ್ ಡೇಗೆ ಶಾಲೆಯವರು ಹಳೆಯ ವಿದ್ಯಾರ್ಥಿನಿ ಅಂತ ನನ್ನನ್ನು ಕರೆದರು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ಯಜಮಾನರು ಈಗ ಅಧ್ಯಕ್ಷರು. ಮೇಡಂ ನೆನಪಿನಲ್ಲಿ ಹೊಸ ಬಹುಮಾನವಂತೆ, ಅತಿ ಹೆಚ್ಚು ಅಂಕ ತೆಗೆದವರಿಗೆ. ದೊಡ್ಡದೊಂದು ಸ್ಟೀಲ್ ತಟ್ಟೆ, ಅದರ ಮೇಲೆ ಮೇಡಂ ಹೆಸರು ಕೊರೆದಿತ್ತು. ಯಜಮಾನರು ತಟ್ಟೆಯನ್ನು ಎದೆಗವಚಿಕೊಂಡು ಮೈಕಿನ ಮುಂದೆ ನಿಂತರು.

"ಅಂತಾ ಮೇಡಮ್ಮೋರು ಮತ್ತೆ ಉಟ್ಟಲ್ಲ. ತಾವಾಗೇ ನಮ್ ಶಾಲೆ ಬಿಟ್ಟೋದ್ರು. ಎಷ್ಟ್ ಬ್ಯಾಡ ಅಂದ್ರೂ ಕೇಳ್ನಿಲ್ಲ."

ನಾನು ಎದ್ದು ನಿಂತೆ. ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ಗಂಟಲು ನನ್ನದು, ಮೈಕು ಬೇಕಾಗಲಿಲ್ಲ.

"ಅವರಾಗೇ ಬಿಡ್ನಿಲ್ಲ ಯಜಮಾನ್ರೇ, ನೀವು ತೆಗೆದ್ರಿ. ಯಾಕೆ ಅಂತ ಹೇಳಿ, ಇಲ್ದಿದ್ರೆ ಕೂತ್ಕೊಳ್ಳಿ."

ಮೈಕು ಕುಂಯ್ಯೆಂದಿತು. ಪಕ್ಕದ ಮೇಷ್ಟ್ರು ನನ್ನ ತೋಳು ಹಿಡಿದು ಎಳೆದರು, ಕೊಡವಿಕೊಂಡೆ. ಯಜಮಾನರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಕೊನೆಗೆ ಕೂತುಕೊಂಡರು.

ಬ್ಯಾಗಿನಿಂದ ಕೆಂಪಿಯ ಲೋಟ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಕೆಳಗೆ ಕೂತ ಮಕ್ಕಳ ಕಡೆ ತಿರುಗಿ, ಯಾಕೆ ಅಂತ ನಾನೇ ಹೇಳಿದೆ.