ಬೆಲ್ಟಿನ ಎಣ್ಣೆಸ್ನಾನ

ವಿಜಯದಶಮಿಯ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಅತ್ತೆಯ ಸೆರಗು ರುಬ್ಬುವ ಯಂತ್ರದ ಬೆಲ್ಟಿಗೆ ಸಿಕ್ಕಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ಆಗ ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದದ್ದು. ಆರಕ್ಕೆ ಹೋಟೆಲಿನ ಬಾಗಿಲು ತೆಗೆಯಬೇಕು, ವಡೆಯ ಹಿಟ್ಟು ಇನ್ನೂ ತರಿತರಿಯಾಗಿಯೇ ಇತ್ತು. ಗಡಿಯಾರದಿಂದ ಕಣ್ಣು ಇಳಿಸಿದಾಗ ಅತ್ತೆ ಸೊಂಟ ಬಗ್ಗಿಸಿಕೊಂಡು ಯಂತ್ರದ ಕಡೆಗೆ ಹೋಗುತ್ತಿದ್ದರು. ಹೋಗುತ್ತಿದ್ದರು ಎನ್ನುವುದು ತಪ್ಪು. ಯಂತ್ರ ಅವರನ್ನು ಎಳೆದುಕೊಳ್ಳುತ್ತಿತ್ತು.

ಸೂರತ್ತಿನ ವರಾಛಾದಲ್ಲಿ ನಮ್ಮದು ಇಡ್ಲಿ, ದೋಸೆ, ವಡೆಯ ಸಣ್ಣ ಹೋಟೆಲು. ಮನೆ ಅದರ ಮೇಲಿನ ಮಹಡಿಯಲ್ಲೇ. ನನ್ನ ಗಂಡನಿಗೆ ಹಜೀರಾದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ, ಹಾಗಾಗಿ ಹೋಟೆಲು ನೋಡಿಕೊಳ್ಳುವವರು ಅತ್ತೆ, ಮಾವ ಮತ್ತು ನಾನು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಎತ್ತರದಲ್ಲಿ ಒಂದು ಕಬ್ಬಿಣದ ಸಲಾಕೆ ಇದೆ. ಕೆಳಗಿರುವ ಮೋಟಾರು ಅದನ್ನು ತಿರುಗಿಸುತ್ತದೆ. ಸಲಾಕೆಯ ಮೇಲೆ ಎರಡು ಗಾಲಿಗಳು. ಒಂದರಿಂದ ಅಗಲವಾದ ಚರ್ಮದ ಬೆಲ್ಟು ರುಬ್ಬುವ ಕಲ್ಲಿನ ಪಕ್ಕದ ದೊಡ್ಡ ಗಾಲಿಗೆ ಇಳಿದರೆ, ಇನ್ನೊಂದರಿಂದ ಕಿರಿದಾದದ್ದು ತೆಂಗಿನಕಾಯಿ ತುರಿಯುವ ಯಂತ್ರಕ್ಕೆ ಇಳಿಯುತ್ತದೆ. ಇಲ್ಲಿಯವರ ಬಾಯಲ್ಲಿ ಬೆಲ್ಟು ‘ಪಟ್ಟಾ’, ನಮ್ಮ ಮನೆಯಲ್ಲೂ ಅದೇ.

ಮಾವ ಉಡುಪಿಯ ಕಡೆಯಿಂದ ಬಂದು ಅಹಮದಾಬಾದಿನ ಒಂದು ಬಟ್ಟೆ ಮಿಲ್ಲಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದವರು. ಮಿಲ್ಲು ಮುಚ್ಚಿ ಯಂತ್ರಗಳೆಲ್ಲ ಗುಜರಿಗೆ ಹೋದಾಗ ಸಲಾಕೆಯ ಒಂದು ತುಂಡನ್ನೂ ಕೆಲವು ಗಾಲಿಗಳನ್ನೂ ಎತ್ತಿಕೊಂಡು ಸೂರತ್ತಿಗೆ ಬಂದರು. ಆ ಮಿಲ್ಲಿನ ಹಳೆಯ ವಿಭಾಗದಲ್ಲಿ ಇಂಥದೇ ಸಲಾಕೆಗಳು ಚಾವಣಿಯ ಕೆಳಗೆ ಆ ತುದಿಯಿಂದ ಈ ತುದಿಯವರೆಗೆ ಓಡುತ್ತಿದ್ದವಂತೆ. ಪ್ರತಿ ಮಗ್ಗಕ್ಕೂ ಒಂದೊಂದು ಬೆಲ್ಟು ಇಳಿಬಿದ್ದು, ಬಾಗಿಲಲ್ಲಿ ನಿಂತು ನೋಡಿದರೆ ಎದುರಿನ ಗೋಡೆಯೇ ಕಾಣುತ್ತಿರಲಿಲ್ಲವಂತೆ. ಕ್ಯಾಂಟೀನಿನಲ್ಲಿ ಕೆಲವರು ಎಡಗೈಯಲ್ಲಿ ಊಟ ಮಾಡುತ್ತಿದ್ದರು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ ಎಂದು ಮಾವ ಒಮ್ಮೆ ಹೇಳಿದ್ದರು. ಆಗ ನಾನು ಈರುಳ್ಳಿ ಹೆಚ್ಚುತ್ತಾ ಅದನ್ನು ಕೇಳಿಸಿಕೊಂಡಿದ್ದೆ, ಅಷ್ಟೇ.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ವಡೋದರಾದಲ್ಲಿದ್ದಾಗ ನಾನು ಇತಿಹಾಸದಲ್ಲಿ ಪದವಿ ಮಾಡಿದೆ. ಪಠ್ಯದಲ್ಲಿ ಉಗಿಯಂತ್ರಕ್ಕೆ ಒಂದು ಅಧ್ಯಾಯವೇ ಇತ್ತು, ಬೆಲ್ಟಿಗೆ ಒಂದು ಸಾಲು. ಒಂದು ಕಡೆ ಹುಟ್ಟಿದ ಶಕ್ತಿಯನ್ನು ನೂರು ಜನರ ಕೈಯ ಹತ್ತಿರಕ್ಕೆ ತಂದದ್ದು ಈ ಚರ್ಮದ ಪಟ್ಟಿ ಎಂಬುದು ನನ್ನ ತಲೆಗೆ ಹೊಳೆದದ್ದು ಮದುವೆಯಾಗಿ ಆ ಹಿಂದಿನ ಕೋಣೆಯಲ್ಲಿ ನಿಂತ ಮೇಲೆ. ಕೈಯ ಹತ್ತಿರಕ್ಕೆ ಎಂದರೆ ಎಷ್ಟು ಹತ್ತಿರ ಎಂಬುದು ಆ ದಶಮಿಯ ದಿನ ಗೊತ್ತಾಯಿತು.

ಹಿಂದಿನ ದಿನ ಆಯುಧಪೂಜೆ. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋಗಿದ್ದ ಮಾವ ಮರಳಿದ್ದು ರಾತ್ರಿ. ಪೂಜೆಯ ತಯಾರಿ ಅತ್ತೆಯದೇ. ಕತ್ತಿ, ಈಳಿಗೆಮಣೆ, ದೋಸೆಯ ಕಾವಲಿ ಎಲ್ಲವನ್ನೂ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಕುಂಕುಮವಿಟ್ಟರು. ಎಣ್ಣೆ ಮಿಕ್ಕಿತು. ಅತ್ತೆ ಸ್ಟೂಲು ಹತ್ತಿ, ಒಣಗಿ ಸೀಳುಬಿಟ್ಟಿದ್ದ ಬೆಲ್ಟುಗಳಿಗೂ ಮೇಲಿನಿಂದ ಕೆಳಗೆ, ಒಳಗೆ ಹೊರಗೆ, ಮಗುವಿನ ಬೆನ್ನಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟರು.

ಬೆಲ್ಟಿಗೆ ಎಣ್ಣೆ ತಾಗಬಾರದು. ತಾಗಿದರೆ ಗಾಲಿಯ ಮೇಲೆ ಹಿಡಿತ ತಪ್ಪಿ ಜಾರುತ್ತದೆ. ಹಿಡಿತ ಬಿಗಿಯಾಗಲೆಂದು ಮಾವ ಅದಕ್ಕೆ ರಾಳ ಉಜ್ಜುವುದನ್ನು ಅತ್ತೆ ಎಷ್ಟೋ ವರ್ಷಗಳಿಂದ ನೋಡಿದ್ದರು. ಆದರೆ ಅವರ ಪ್ರಕಾರ ರಾಳ ದಿನದ ಲೆಕ್ಕ, ಎಣ್ಣೆ ಹಬ್ಬದ ಲೆಕ್ಕ.

ದಶಮಿಯ ಬೆಳಿಗ್ಗೆ ಮೋಟಾರು ಹಾಕಿದರೆ ಕಲ್ಲು ಕುಂಟುತ್ತಾ ತಿರುಗಿತು. ಮಾವ ಬೆಲ್ಟನ್ನು ಮುಟ್ಟಿ ಬೆರಳು ನೋಡಿಕೊಂಡರು.

“ಎಂತದು ಇದು? ಪಟ್ಟಾಕ್ಕೆ ಎಣ್ಣೆ ಹಾಕಿದ್ಯಾ?”

“ಎಲ್ಲದಕ್ಕೂ ಹಾಕಿದ್ದೇನೆ. ಅದೊಂದು ಎಂತ ಪಾಪ ಮಾಡಿದೆ?”

ಹಾಗಾದರೆ ವಡೆಯ ಹಿಟ್ಟನ್ನು ನೀನೇ ಕಾಲಲ್ಲಿ ತುಳಿ ಎಂದು ಗೊಣಗಿ ಮಾವ ಚಿಂದಿ ಹುಡುಕಹೊರಟರು. ದಶಮಿಯ ಮಂಗಳಾರತಿ ಆಗುವ ತನಕ ಕುಂಕುಮ ಒರೆಸಬಾರದು ಎಂದು ಅತ್ತೆ ತಡೆದರು. ಅವರಿಬ್ಬರ ಜಗಳದಲ್ಲಿ ಗೆಲ್ಲುವುದು ಯಾವಾಗಲೂ ಅತ್ತೆಯೇ. ಮಾವ ಮುಂದಿನ ಶಟರು ಎತ್ತಲು ಹೋದರು.

ಹಬ್ಬವೆಂದು ಅತ್ತೆ ಅವತ್ತು ಹೊಸ ಸೀರೆ ಉಟ್ಟಿದ್ದರು. ನೆರೆಯ ಹೆಂಗಸರು ಗರ್ಬಾಕ್ಕೆಂದು ಕಲಿಸಿದ ಗುಜರಾತಿ ಉಡುಗೆ, ಸೆರಗು ಬಲ ಭುಜದಿಂದ ಮುಂದಕ್ಕೆ ಇಳಿಬೀಳುವಂಥದು. ಕಲ್ಲು ಮತ್ತೂ ನಿಧಾನವಾಯಿತೆಂದು ಅವರು ಬಗ್ಗಿ ನೋಡಿದಾಗ ಸೆರಗಿನ ತುದಿ ಬೆಲ್ಟಿಗೂ ದೊಡ್ಡ ಗಾಲಿಗೂ ನಡುವೆ ಹೋಯಿತು.

ಸ್ವಿಚ್ಚು ಕೋಣೆಯ ಆಚೆ ತುದಿಯಲ್ಲಿ, ಅಕ್ಕಿಯ ಮೂಟೆಗಳ ಹಿಂದೆ. ನಾನು ಓಡಿದೆ. ಆ ಓಟವನ್ನು ಈಗಲೂ ಓಡುತ್ತಿರುತ್ತೇನೆ. ಕೆಲವು ಸಲ ಮೂಟೆ ಅಡ್ಡ ಬರುತ್ತದೆ, ಕೆಲವು ಸಲ ಸ್ವಿಚ್ಚೇ ಸಿಗುವುದಿಲ್ಲ. ನಿಜವಾಗಿ ನಡೆದದ್ದು ಬೇರೆ. ಸೀರೆ ಬಿಗಿಯುತ್ತಾ ಹೋಗಿ ಅತ್ತೆಯ ಕತ್ತು ಗಾಲಿಯ ಕಡೆಗೆ ಬಾಗಿತು. ತಳ್ಳಿಕೊಳ್ಳಲು ಅವರು ಬಲಗೈಯನ್ನು ಗಾಲಿಯ ಅಂಚಿಗೆ ಒತ್ತಿದರು. ಅಷ್ಟು ಭಾರ ಬಿದ್ದದ್ದೇ ಎಣ್ಣೆಯ ಬೆಲ್ಟು ಹಿಡಿತ ಬಿಟ್ಟಿತು. ಮೇಲಿನ ಸಲಾಕೆ ತಿರುಗುತ್ತಲೇ ಇತ್ತು, ಕೆಳಗಿನ ಗಾಲಿ ನಿಂತಿತು. ಬೆಲ್ಟು ಒದ್ದೆ ಬಟ್ಟೆ ಒಗೆದಂಥ ಸದ್ದು ಮಾಡುತ್ತಾ ಒಂದಷ್ಟು ಜಾರಿ, ಪಕ್ಕಕ್ಕೆ ಸರಿದು, ನೆಲಕ್ಕೆ ಬಿತ್ತು. ನನ್ನ ಕೈ ಸ್ವಿಚ್ಚನ್ನು ಮುಟ್ಟಿದ್ದು ಅದಾದ ಮೇಲೆ.

ಮಾವ ಓಡಿ ಬಂದವರೇ ಪೂಜೆಗಿಟ್ಟಿದ್ದ ಕತ್ತಿಯಿಂದ ಸೆರಗನ್ನು ಕುಯ್ದರು. ಅತ್ತೆ ನೆಲದ ಮೇಲೆ ಕುಳಿತು ಉಸಿರು ತೆಗೆದುಕೊಂಡರು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದರು. ಎಲ್ಲವೂ ಮಡಚಿಕೊಂಡವು. ಆಮೇಲೆ ಗಾಲಿಯ ಮೇಲಿದ್ದ ಚೂರನ್ನು ನೋಡಿ ಹೇಳಿದರು, “ಹೊಸ ಸೀರೆ ಮಾರಾಯ್ರೇ. ಬಿಡಿಸ್ಲಿಕ್ಕೆ ಆಗ್ತಿರ್ಲಿಲ್ವಾ?”

ಮಾವ ಕತ್ತಿ ಹಿಡಿದೇ ಪಕ್ಕದಲ್ಲಿ ಕುಳಿತುಬಿಟ್ಟರು.

ಡಾಕ್ಟರು ಮೂಳೆ ಸರಿಯಿದೆ ಎಂದರು. ಮಣಿಕಟ್ಟು ಉಳುಕಿತ್ತು, ಒಂದು ಉಗುರು ಹೋಗಿತ್ತು, ಕತ್ತಿನ ಮೇಲೆ ಸೀರೆಯ ಅಂಚಿನ ಕೆಂಪು ಗೆರೆ. ಅಷ್ಟೇ. ಈ ‘ಅಷ್ಟೇ’ ಎಂಬ ಮಾತನ್ನು ನಾನು ಈಚೆಗೆ ಬಹಳ ನಿಧಾನವಾಗಿ ಹೇಳುತ್ತೇನೆ.

ದಿನವೂ ಇಡ್ಲಿಗೆ ಬರುವ ವಜ್ರ ಉಜ್ಜುವ ಕೆಲಸಗಾರರೊಬ್ಬರಿದ್ದಾರೆ. ಅವರ ಸಾಣೆಯ ಚಕ್ರವೂ ಬೆಲ್ಟಿನ ಮೇಲೆಯೇ ಓಡುತ್ತದೆ. ಸುದ್ದಿ ಕೇಳಿ, ಇಡ್ಲಿ ಮುಗಿಸಿ, ಕೈ ತೊಳೆದು ಹೊರಡುವಾಗ ಅತ್ತೆಯನ್ನು ನೋಡಿ, “ಮಾಸಿ, ಹಮಾರಾ ಪಟ್ಟಾ ಭೀ ಭೇಜ್ ದೂಂ? ಮಾಲಿಶ್ ಕರ್ ದೋ” ಎಂದರು. ತಮ್ಮ ಬೆಲ್ಟಿಗೂ ಎಣ್ಣೆ ತಿಕ್ಕಿಕೊಡಿ ಎಂದು. ಆ ವಾರ ಮನೆಯಲ್ಲಿ ಮೊದಲು ನಕ್ಕದ್ದು ಆಗ.

ಮಾವ ಮಾತ್ರ ಬಿಟ್ಟುಕೊಡಲಿಲ್ಲ. “ನೀನು ಎಣ್ಣೆ ಹಾಕದಿದ್ರೆ ಕಲ್ಲು ನಿಧಾನ ಆಗ್ತಿರ್ಲಿಲ್ಲ, ನೀನು ಬಗ್ತಲೂ ಇರ್ಲಿಲ್ಲ.”

“ದಿನಾ ಬಗ್ತೇನೆ,” ಅಂದರು ಅತ್ತೆ. “ಅವತ್ತು ಎಣ್ಣೆ ಇತ್ತು, ಎದ್ದೆ.”

ಇಬ್ಬರೂ ಸರಿ ಎಂದು ನನಗನ್ನಿಸುತ್ತದೆ. ಮಾವ ಗಾಲಿಗಳ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದರು, ಸ್ವಿಚ್ಚನ್ನು ಕಲ್ಲಿನ ಪಕ್ಕಕ್ಕೆ ತರಿಸಿದರು. ರಾಳ ಈಗಲೂ ಉಜ್ಜುತ್ತಾರೆ. ಆದರೆ ಬೆಲ್ಟನ್ನು ಮೊದಲಿನಷ್ಟು ಬಿಗಿಯುವುದಿಲ್ಲ. ವಡೆ ತುಸು ತಡವಾಗುತ್ತದೆ, ಜನ ಕಾಯುತ್ತಾರೆ.

ನನಗೆ ನಿದ್ದೆ ಮಾತ್ರ ಮರಳಿರಲಿಲ್ಲ. ಕಣ್ಣು ಮುಚ್ಚಿದರೆ ರಾಳ ಹಚ್ಚಿದ, ಬಿಗಿಯಾದ, ಜಾರದ ಬೆಲ್ಟು. ಎದ್ದು ಹೋಗಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು, ಅವರ ಗೊರಕೆ ಕೇಳಿ ಬಂದು ಮಲಗುತ್ತಿದ್ದೆ. ಆ ಗೊರಕೆಯ ಬಗ್ಗೆ ಮದುವೆಯಾದ ಹೊಸತರಲ್ಲಿ ಗಂಡನ ಹತ್ತಿರ ದೂರಿದ್ದೆ. ಈಗ ಅದಕ್ಕಿಂತ ಒಳ್ಳೆಯ ಸದ್ದು ಈ ಮನೆಯಲ್ಲಿಲ್ಲ.

ನರಕ ಚತುರ್ದಶಿಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಎಣ್ಣೆಸ್ನಾನ ಮಾಡಬೇಕು, ನೀರು ಕಾಯಿಸುವುದು ನನ್ನ ಕೆಲಸ. ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು, ಹೊರಗೆ ಪಟಾಕಿ ಹೊಡೆದು ಮುಗಿದಿತ್ತು. ಮಧ್ಯೆ ಒಮ್ಮೆಯೂ ಎದ್ದಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಕುಳಿತಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ ಎಂದರು. ಏಳಹೊರಟವಳನ್ನು ಹಾಗೇ ಕೂರಿಸಿ, ಬಲಗೈಯಲ್ಲಿ ಎಣ್ಣೆ ಅದ್ದಿ ನನ್ನ ನೆತ್ತಿಗೆ ಒತ್ತಿದರು. ಐದು ಬೆರಳೂ ತಲೆಯ ಮೇಲೆ ಬೇರೆಬೇರೆಯಾಗಿ ತಾಗಿದವು.