ಪೊರಕೆ ಕಡ್ಡಿಯ ಅಳತೆ

ನಮ್ಮ ಮನೆಯಲ್ಲಿ ಚಪ್ಪಲಿ ಅಂಗಡಿಗೆ ಹೋಗುವವರು ನಮ್ಮ ಮಾವ ಒಬ್ಬರೇ. ಉಳಿದವರ ಪರವಾಗಿ ಅವರ ಜೇಬಿನಲ್ಲಿ ಪೊರಕೆ ಕಡ್ಡಿಗಳು ಹೋಗುತ್ತವೆ. ಕಡ್ಡಿಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಪಾದ ಊರಿಸಿ, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದರೆ ಅದೇ ಅಳತೆ. ಹೊಸದುರ್ಗದ ಸುತ್ತ ತೆಂಗಿನ ತೋಟಗಳಿಗೆ ಬರವಿಲ್ಲ, ಹಾಗಾಗಿ ಕಡ್ಡಿಗೂ ಬರವಿಲ್ಲ. ಆದರೂ ನಮ್ಮಲ್ಲಿ ಒಬ್ಬರಿಗೆ ಒಂದೇ ಕಡ್ಡಿ. ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ನನ್ನದು ಕೆಂಪು ದಾರದ್ದು. ಮದುವೆ ಗೊತ್ತಾದಾಗ ಅತ್ತೆ ಆದಿವಾಲದ ನಮ್ಮ ತವರಿಗೆ ಬಂದು, ಮದುವೆ ಚಪ್ಪಲಿಗೆಂದು ತಮ್ಮ ಕೈಯಾರೆ ಮುರಿದುಕೊಂಡು ಹೋದದ್ದು.

ಈ ಮನೆಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ಜಗಳ ಕಾದು ಹಗುರಾಗುತ್ತಿದ್ದೆ. ಬಳೆಯಿಂದ ಹಿಡಿದು ಮೊಬೈಲಿನ ಚಾರ್ಜರಿನವರೆಗೆ ಬೇಕಾದದ್ದೆಲ್ಲ ಕೇಳುವ ಮೊದಲೇ ಕೈಗೆ ಬರುತ್ತದೆ. "ನಿಂಗ್ಯಾಕವ್ವ ತೊಂದ್ರೆ, ನಾವೇ ತರ್ತೀವಿ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಉಸಿರು ಕಟ್ಟುತ್ತದೆ. ಮಕ್ಕಳ ಸ್ಕೂಲ್ ವ್ಯಾನ್ ನಿಲ್ಲುವ ಮೂಲೆ ಬಿಟ್ಟರೆ ನಾನೊಬ್ಬಳೇ ಹೋಗಿ ಬಂದ ಜಾಗ ಈ ಊರಿನಲ್ಲಿ ಇರಲಿಲ್ಲ. ನನ್ನ ಗಂಡನಿಗೆ ಹೇಳಿದರೆ, "ಅಪ್ಪ ತಂದ್ಕೊಡ್ತಾರಲ್ಲ, ನಿಂಗೇನು ಕಷ್ಟ?" ಎಂದು ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ.

ಮದುವೆಗೆ ಮುಂಚೆ ನಾನು ಓಡುತ್ತಿದ್ದೆ. ಊರಿನ ನಾಲೆ ಏರಿಯ ಮೇಲೆ ಬರಿಗಾಲಲ್ಲಿ ಓಡಿ, ಕಾಲೇಜಿನಲ್ಲೂ ಓಡಿ, ಕೊನೆಗೆ ಆಟದ ಮೇಷ್ಟ್ರಾಗುವ ಓದನ್ನೂ ಓದಿದೆ. ಸರ್ಟಿಫಿಕೇಟುಗಳು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿದ್ದವು. ಚಿಕ್ಕ ಮಗಳು ಶಾಲೆಗೆ ಸೇರಿದ ವರ್ಷ ಆ ಶಾಲೆಯವರಿಗೇ ಹೆಣ್ಣುಮಕ್ಕಳಿಗೆ ಆಟ ಕಲಿಸುವವರು ಬೇಕಾದರು. ನಾನು ಅಂಜುತ್ತಲೇ ಕೇಳಿದೆ. ಮಾವ ಮುದ್ದೆ ಮುರಿಯುತ್ತಾ, "ಮಕ್ಳ ಸ್ಕೂಲೇ ತಾನೆ, ಹೋಗ್ಲಿ ಬಿಡು" ಎಂದರು. ಅಂದು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ಮುಖ್ಯ ಶಿಕ್ಷಕಿಯದು ಒಂದೇ ಷರತ್ತು: ಸೋಮವಾರ ಬಂದು ಹುಡುಗಿಯರನ್ನು ಮೈದಾನದಲ್ಲಿ ಓಡಿಸಿ ತೋರಿಸಬೇಕು, ನಾನೂ ಜೊತೆಗೆ ಓಡಬೇಕು, ಕಾಲಲ್ಲಿ ಶೂ ಇರಲೇಬೇಕು.

"ಶೂ ಮಾತ್ರ ನಾನೇ ಹೋಗಿ ನೋಡಿ ತರ್ತೀನಿ ಮಾವ," ಎಂದೆ.

"ನಿನ್ನ ಕಡ್ಡಿ ಐತಲ್ಲವ್ವ!" ಎನ್ನುವಷ್ಟರಲ್ಲಿ ಅವರ ಕೈ ಕ್ಯಾಲೆಂಡರಿನ ಹಿಂದಿತ್ತು. "ನಾಳೆ ಹೆಂಗೂ ಕಣ್ಣು ತೋರಿಸ್ಕೊಳ್ಳಾಕೆ ಚಿತ್ರದುರ್ಗಕ್ಕೆ ಹೊಂಟೀನಿ."

ಮರುದಿನ ಸಂಜೆ ಗುಲಾಬಿ ಬಣ್ಣದ ಶೂ ಬಂತು. ಮನೆಯವರೆಲ್ಲ ಸುತ್ತ ನಿಂತರು. ಮಾವ ತಾವೇ ಲೇಸು ಸಡಿಲಿಸಿ ನನ್ನ ಮುಂದಿಟ್ಟರು. "ಓಡಾಕೆ ಅಂತ್ಲೇ ಮಾಡಿರೋದಂತೆ. ಇದ್ದಿದ್ರಾಗೆ ಒಳ್ಳೇದು ಕೊಡಪ್ಪ ಅಂದೆ." ನಾನು ಕಾಲು ತೂರಿಸಿದೆ. ಹಿಮ್ಮಡಿ ಇಳಿಯಲಿಲ್ಲ. ಒತ್ತಿದೆ. ಒಳಗೆ ಬೆರಳುಗಳು ಮಡಚಿಕೊಂಡವು.

"ಹೆಂಗೈತೆ?"

"ಸರಿಯಾಗಿದೆ ಮಾವ."

ಇನ್ನೇನು ಹೇಳಲಿ? ಕಣ್ಣಿಗೆ ಹನಿ ಹಾಕಿಸಿಕೊಂಡು, ಮಂಜುಗಣ್ಣಿನಲ್ಲೇ ಅಂಗಡಿ ಹುಡುಕಿ ತಂದಿದ್ದಾರೆ. ಆಗುವುದಿಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಜೊತೆಗೆ, "ಶೂನೇ ಹಾಕ್ಕೊಳ್ಳಾಕೆ ಆಗ್ದೋಳು ಕೆಲ್ಸ ಏನ್ ಮಾಡ್ತೀಯ, ಬಿಡು" ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡು ನಗುತ್ತಾ ನಿಂತೆ.

ಮರುದಿನದಿಂದ ಹಿತ್ತಲಿನ ತೋಟದಲ್ಲಿ ಆ ಶೂ ಹಾಕಿಕೊಂಡೇ ಅಭ್ಯಾಸ ಶುರು ಮಾಡಿದೆ. ತೆಂಗಿನ ಮರಗಳನ್ನು ಸುತ್ತುವುದು, ಬೇಲಿ ಸಿಕ್ಕಿದಲ್ಲಿ ತಿರುಗುವುದು. ಶೂ ಹಿಗ್ಗುತ್ತದೆ ಎಂದು ಕಾದೆ, ಅದು ಹಿಗ್ಗಲಿಲ್ಲ. ಹೆಬ್ಬೆರಳಿನ ಉಗುರು ಕಪ್ಪಾಯಿತು. ಬೇಲಿಯ ಹತ್ತಿರ ನಿಂತು ಕಾಲು ಹಿಡಿದುಕೊಂಡು ಶೂಗೆ ಬೈದೆ, ಕಡ್ಡಿಗೆ ಬೈದೆ, ಕೊನೆಗೆ ಯಾರಿಗೂ ಕೇಳದ ಹಾಗೆ ಇಡೀ ಮನೆಗೇ ಬೈದೆ. ಇಷ್ಟು ಪ್ರೀತಿ ಮಾಡುವವರನ್ನು ಬೈದೆನಲ್ಲ ಎಂದು ಅಳು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾನು ಕುಂಟುವುದನ್ನು ಅತ್ತೆ ನೋಡಿಬಿಟ್ಟರು. ಜಗಲಿ ಕಟ್ಟೆಯ ಮೇಲೆ ಕೂರಿಸಿ ಉಗುರು ಕಂಡು ಹೌಹಾರಿದರು. ಒಳಗೆ ಹೋಗಿ ಕೆಂಪು ದಾರದ ಕಡ್ಡಿ ತಂದು, ಅಂದು ಆದಿವಾಲದಲ್ಲಿ ಮಾಡಿದಂತೆಯೇ ಬಗ್ಗಿ ನನ್ನ ಪಾದದ ಕೆಳಗಿಟ್ಟರು. ಬೆರಳ ತುದಿಗೆ ಸರಿಮಾಡಿದರೆ ಹಿಮ್ಮಡಿ ಹಿಂದಕ್ಕೆ ಉಳಿಯಿತು.

"ಇದೇನೇ ಇದು, ನಿನ್ ಕಾಲು ಬೆಳ್ದೈತೆ!"

ಎರಡು ಬಸಿರು, ಎರಡು ಬಾಣಂತನ. ಮೈಯೆಲ್ಲ ಬದಲಾದದ್ದನ್ನು ಕಂಡವರಿಗೆ ಪಾದ ಅಗಲವಾಗಿ ಉದ್ದವಾದದ್ದು ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ. ಚಪ್ಪಲಿಗೆ ಹಿಂದುಗಡೆ ಗೋಡೆ ಇಲ್ಲವಲ್ಲ, ಹಿಮ್ಮಡಿ ಹೊರಗೆ ಜೋತಾಡುತ್ತಿದ್ದರೂ ನಡೆದುಹೋಗುತ್ತಿತ್ತು. ಇಷ್ಟು ವರ್ಷ ನಾನು ಮದುವಣಗಿತ್ತಿಯ ಅಳತೆಯಲ್ಲೇ ಓಡಾಡಿಕೊಂಡಿದ್ದೆ.

ಆಗ ನನ್ನ ಕಣ್ಣು ಹೊಸ್ತಿಲ ಪಕ್ಕದ ಅತ್ತೆಯ ಚಪ್ಪಲಿಗಳ ಮೇಲೆ ಬಿತ್ತು. ಎರಡರ ಹಿಂದಿನ ಅಂಚೂ ಸವೆದು ಕೆಳಕ್ಕೆ ಬಾಗಿತ್ತು. ಕುಂಟುತ್ತಲೇ ಹೋಗಿ ಅವರ ಹಸಿರು ದಾರದ ಕಡ್ಡಿ ತಂದೆ. "ಕಾಲು ಇಡ್ರಿ ಅತ್ತೆ" ಎಂದೆ. "ಏ ಹೋಗೆ" ಎಂದರೂ ಇಟ್ಟರು. ಅವರ ಹಿಮ್ಮಡಿ ನನ್ನದಕ್ಕಿಂತಲೂ ಹಿಂದಿತ್ತು. ಆ ಕಡ್ಡಿಯನ್ನು ಮುರಿದವರು ಅವರ ಅತ್ತೆಯಂತೆ, ಅದೂ ಮದುವೆಗೇ.

ಅತ್ತೆ ಪಾದವನ್ನು ಕಡ್ಡಿಯ ಮೇಲಿಂದ ತೆಗೆದು ಮತ್ತೊಮ್ಮೆ ಇಟ್ಟು ನೋಡಿದರು. "ಮೆಟ್ಟು ಅಂದ್ರೆ ಹಿಂಗೇ ಇರ್ತವೆ ಅನ್ಕಂಡಿದ್ದೆ ಕಣೆ," ಎಂದರು.

ಸಂಜೆ ಅವರೇ ಮಾವನಿಗೆ ಹೇಳಿದರು. "ನಾಳೆ ಇವಳನ್ನ ದುರ್ಗಕ್ಕೆ ಕರ್ಕಂಡು ಹೋಗ್ರಿ. ಕಡ್ಡಿ ಬ್ಯಾಡ."

"ಯಾಕೆ, ನಾನ್ ತಂದಿದ್ದು ಸರಿ ಇಲ್ವ?"

"ನೀವು ತಂದಿದ್ದು ಕಡ್ಡಿಗೆ ಸರಿಯಾಗೈತೆ."

"ನೀವೂ ಬರ್ರಿ ಅತ್ತೆ, ಮೂವರೂ ಹೋಗಾಣ" ಎಂದು ಗೋಗರೆದೆ. "ನಾನೆಲ್ಲಿ ಓಡ್ಬೇಕಾಗೈತೆ? ಮನೆ ಯಾರು ನೋಡ್ಕಂತಾರೆ?" ಎಂದು ಪಾತ್ರೆ ತೊಳೆಯಲು ಎದ್ದುಬಿಟ್ಟರು.

ಬಸ್ಸಿನಲ್ಲಿ ಹೊಳಲ್ಕೆರೆಯವರೆಗೆ ಮಾವ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅಲ್ಲಿ ಕಡಲೆಕಾಯಿ ಕೊಂಡು ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು. ರಾಜಿಯಾಯಿತೆಂದು ತಿಳಿದು ನೆಮ್ಮದಿಯಾಗಿ ಸುಲಿದು ತಿಂದೆ.

ಚಿತ್ರದುರ್ಗದ ಅಂಗಡಿಯ ಸಾಹೇಬರು ಬಿಳಿ ಗಡ್ಡದವರು. "ಕುಂತ್ಕಳ್ರಿ ಅಕ್ಕ" ಎಂದು ಒಂದಾದ ಮೇಲೊಂದು ಜೊತೆ ತೆಗೆದು ಮುಂದಿಟ್ಟರು. ಒಂದು ಬೂದು ಬಣ್ಣದ್ದು ಕಾಲಿಗೆ ಹಿಡಿಸಿತು. "ಕುಂತ್ರೆ ಏನ್ ಗೊತ್ತಾಗ್ತದೆ? ಬೀದೀಲಿ ಒಂದ್ ಓಟ ಓಡಿ ನೋಡ್ರಿ." ನಾನು ಮಾವನ ಮುಖ ನೋಡಿದೆ. ಅವರು ನನ್ನ ಬ್ಯಾಗು ಹಿಡಿದುಕೊಂಡು, ಎದುರಿನ ಪಾತ್ರೆ ಅಂಗಡಿಯನ್ನು ದಿಟ್ಟಿಸತೊಡಗಿದರು.

ಚೂಡಿದಾರದ ವೇಲು ಬಿಗಿದು ಕಟ್ಟಿ ತಿರುವಿನವರೆಗೆ ಓಡಿದೆ. ಬೆರಳುಗಳು ಒಳಗೆ ಆರಾಮಾಗಿ ಅಲ್ಲಾಡಿದವು. ಅಲ್ಲಿಂದಾಚೆ ದೊಡ್ಡ ರಸ್ತೆ, ಅದರ ಆ ತುದಿಯಲ್ಲೆಲ್ಲೋ ಹಿರಿಯೂರು, ಆದಿವಾಲ, ನಾಲೆ ಏರಿ. ಕಾಲು ನಿಲ್ಲಲು ಒಪ್ಪಲಿಲ್ಲ. ಆದರೂ ತಿರುಗಿ ಬಂದೆ.

ಸೋಮವಾರ ಆ ಬೂದು ಶೂ ಹಾಕಿಕೊಂಡೇ ಮೈದಾನಕ್ಕಿಳಿದೆ, ಕೆಲಸ ಸಿಕ್ಕಿತು. ಗುಲಾಬಿ ಶೂ ಮಗಳು ದೊಡ್ಡವಳಾಗುವುದನ್ನು ಕಾಯುತ್ತಾ ಅಟ್ಟದ ಮೇಲಿದೆ. ಆದರೆ ಅಂದು ಆ ಅಂಗಡಿಯಿಂದ ಹೊರಡುವ ಮುಂಚೆ ಇನ್ನೊಂದು ಕೆಲಸವಿತ್ತು. ಆ ಬೆಳಗ್ಗೆ ಗೇಟಿನ ಹತ್ತಿರ ಅತ್ತೆ ಸರಸರನೆ ಬಂದು, ನನ್ನ ಬ್ಯಾಗಿನೊಳಗೆ ಏನನ್ನೋ ತುರುಕಿ ಹೋಗಿದ್ದರು. ಅವರದೇ ಪಾದಕ್ಕೆ ಹೊಸದಾಗಿ ಮುರಿದ, ಇನ್ನೂ ದಾರ ಸುತ್ತದ ಕಡ್ಡಿ.

ಅದನ್ನು ತೆಗೆದು ಗಲ್ಲಾದ ಮೇಲಿಟ್ಟೆ. "ಈ ಅಳತೆಗೆ ಒಂದು ಜೊತೆ ಚಪ್ಪಲಿ."

ಸಾಹೇಬರು ಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಡ್ಡಿ ಬಂದೈತೆ, ಕಾಲು ಎಲ್ಲೈತ್ರಿ ಅಕ್ಕ?"

ಮಾವ ಪಾತ್ರೆ ಅಂಗಡಿ ಬಿಟ್ಟು ನನ್ನ ಕಡೆ ತಿರುಗಿದರು.

"ಮನೇಲೈತೆ," ಎಂದೆ.