ಅಲ್ಲಾಡಿದ ಹಸೆಮಣೆ

ನಾನು ಮರಗೆಲಸದವನು. ಹೊಸೂರಿನ ಆಲಸನತ್ತದಲ್ಲಿ ಶೀಟು ಹಾಕಿದ ಶೆಡ್ಡು, ಅದೇ ನನ್ನ ಅಂಗಡಿ. ಊರವರ ಬಾಗಿಲು, ಮಂಚ, ಕಪಾಟು ಎಲ್ಲಾ ಮಾಡಿಕೊಟ್ಟೋನಿಗೆ ಸ್ವಂತ ಮಗಳ ಹಸೆಮಣೆ ಕೈಕೊಟ್ಟಿತು. ಇದನ್ನ ಯಾರ ಹತ್ರ ಹೇಳಿಕೊಳ್ಳಲಿ?

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣು ಗಂಡು ಕೂರೋ ಮಣೆ ನಿಶ್ಚಿತಾರ್ಥ ಆದಮೇಲೆ ಕಡಿದ ಹಲಸಿನದ್ದೇ ಆಗಬೇಕು, ಕಾಲಿಲ್ಲದ ಒಂದೇ ಹಲಗೆ, ಅದಕ್ಕೆ ಮೊಳೆ ಹೊಡೆಯಬಾರದು. ಹಿಂದೆ ಮಾತಾಗಿ ಮದುವೆ ಆಗೋ ಹೊತ್ತಿಗೆ ಒಂದು ಬೇಸಿಗೆ ಕಳೀತಿತ್ತು, ಹಲಗೆ ನೆರಳಲ್ಲಿ ನಿಧಾನಕ್ಕೆ ಒಣಗ್ತಿತ್ತು. ಈಗ ಕಲ್ಯಾಣ ಮಂಟಪ ಸಿಕ್ಕ ದಿನವೇ ಮುಹೂರ್ತ. ತಳಿ ಅನ್ನೋ ಊರಲ್ಲಿರೋ ಹೆಂಡತಿಯ ತವರಿನ ಹಿತ್ತಲಲ್ಲಿ ಹಲಸು ಕಡಿಸಿ, ಕೊಯ್ಸಿ ತಂದೆ. ಮುಟ್ಟಿದ್ರೆ ಕೈಗೆ ತೇವ ಅಂಟ್ತಿತ್ತು.

"ಇದು ಹಸಿ ಕಣೇ, ಸೊಟ್ಟಗಾಗುತ್ತೆ. ಒಣಗಿದ ತೇಗ ಐತೆ ನನ್ನತ್ರ, ಅದ್ರಲ್ಲಿ ಮಾಡ್ತೀನಿ" ಅಂದೆ.

"ನಿಮ್ಮ ಬುದ್ಧಿ ಅಂಗಡೀಲೇ ಇಟ್ಕಳಿ. ನಾನೂ ಹಲಸಿನ ಮೇಲೇ ಕೂತು ಬಂದೋಳು" ಅಂದಳು ಹೆಂಡತಿ.

ಮಾಡಿದೆ. ನೆಲದ ಕಡೆಯ ಮುಖ ಹಸಿಯಾಗೇ ಉಳೀತು, ಮೇಲಿನದು ಶೀಟಿನ ಕಾವಿಗೆ ಬೇಗ ಒಣಗಿ ಬಿಗಿದುಕೊಂತು. ಎರಡು ಅಂಚೂ ಮೇಲೆದ್ದವು, ನಡು ತಗ್ಗಾಯಿತು. ಒಣಗಿದ ಮುಖಕ್ಕೆ ಒದ್ದೆ ಗೋಣಿ ಹೊದಿಸಿ ರುಬ್ಬೋ ಕಲ್ಲು ಹೇರಿದೆ. ನೆಟ್ಟಗಾಯಿತು. ಕಲ್ಲು ಇಳಿಸಿದೆ, ಮತ್ತೆ ಸೊಟ್ಟ. ಅಡ್ಡಪಟ್ಟಿ ಬಿಗಿಯೋಣ ಅಂದ್ರೆ ಮೊಳೆ ಕೂಡದು. ಕೊರೆದು ಮರದ ಪಟ್ಟಿ ಕೂರಿಸೋಣ ಅಂದ್ರೆ ಹಸಿ ಹಲಗೆ ಸೀಳೋ ಭಯ. ಊರವರ ಮರವಾಗಿದ್ರೆ ಬಾಯಿಗೆ ಬಂದಂಗೆ ಬೈದು ಹಗುರಾಗ್ತಿದ್ದೆ. ಇದಕ್ಕೆ ಬೈಯೋಕೂ ಬಾಯಿ ಬರಲಿಲ್ಲ.

ಅರಿಶಿನ ಶಾಸ್ತ್ರದ ದಿನ ಡೆಂಕಣಿಕೋಟೆಯಿಂದ ಗಂಡಿನ ಸೋದರತ್ತೆ ಬಂದರು. ಮಗಳು ಮಣೆ ಮೇಲೆ ಕೂತಳು. ಆ ಅಮ್ಮ ಕೆನ್ನೆಗೆ ಅರಿಶಿನ ಹಚ್ಚೋಕೆ ಬಗ್ಗಿದ್ದೇ ತಡ, ಮಣೆ ಒಂದು ಕಡೆ ವಾಲಿತು. ಮಗಳು ಆಯ ತಪ್ಪಿ ಕೈ ಬೀಸಿದಳು. ಪಕ್ಕದಲ್ಲಿದ್ದ ಕಳಶ ಉರುಳಿ ನೀರೆಲ್ಲ ನೆಲದ ಪಾಲು.

"ಅಯ್ಯೋ ಶಿವನೇ!" ಅಂದರು ಸೋದರತ್ತೆ.

"ಹಸಿ ಮರ ಕಣಮ್ಮ, ಅಷ್ಟೇ. ಅಪಶಕುನ ಅಲ್ಲ" ಅಂತ ಅಂಗಲಾಚಿದೆ. ಮಣೆ ತಿರುಗಿಸಿ ತೋರಿಸಿದೆ. ಯಾರಿಗೆ ಬೇಕಿತ್ತು ನನ್ನ ಮರದ ಪಾಠ?

"ಕಳಶ ಬಿದ್ಮೇಲೆ ಇನ್ನೇನ್ ಮಾತಾಡದು ಅಣ್ಣ" ಅಂತ ಎದ್ದು ಹೋದರು. ಸಂಜೆ ಫೋನ್ ಬಂತು. ಬೇಡವಂತೆ. ಹುಡುಗ ಒಂದು ಮಾತೂ ಆಡಲಿಲ್ಲ. ಥೂ, ಅವನೂ ಒಬ್ಬ ಗಂಡಸು!

ಮಗಳು ಅಳಲಿಲ್ಲ. ಕೆನ್ನೆ ತೊಳಕೊಂಡು ಮಾರನೇ ಬೆಳಗ್ಗೆ ಎಂದಿನಂತೆ ಫ್ಯಾಕ್ಟರಿ ಬಸ್ಸು ಹತ್ತಿದಳು. ಅತ್ತಿದ್ರೆ ನನಗೆ ಎಷ್ಟೋ ವಾಸಿ ಇತ್ತು. ಮಣೆ ಸೀಳಿ ಒಲೆಗೆ ಹಾಕ್ತೀನಿ ಅಂತ ಕೊಡಲಿ ಎತ್ತಿದೆ. ಹೆಂಡತಿ ಮಣೆ ಕಿತ್ತುಕೊಂಡು ಹೋಗಿ ಅಡುಗೆಮನೆ ಗೋಡೆಗೆ ಒರಗಿಸಿಟ್ಟಳು.

ವರ್ಷದ ಮೇಲಾಯಿತು. ಯಾವ ಸಂಬಂಧವೂ ಕೂಡಿಬರಲಿಲ್ಲ. ನಾವು ಹೋಗೋ ಮೊದಲೇ ಕಳಶದ ಸುದ್ದಿ ಹೋಗಿರುತ್ತೆ, ಹಾಳಾದ್ದು. ಮೊನ್ನೆ ಭಾನುವಾರ ಮಗಳು ಆ ಮಣೆ ಹಾಕಿಕೊಂಡು ಸೊಪ್ಪು ಬಿಡಿಸ್ತಾ ಕೂತಿದ್ದಳು. ಎರಡೂ ಮುಖ ಒಣಗಿ ಹಲಗೆ ತಾನಾಗೇ ನೆಟ್ಟಗಾಗಿತ್ತು. ಇಬ್ಬರು ಕೂರಲಿ ಅಂತ ಮಾಡಿದ್ದು, ಅವಳ ಪಕ್ಕದಲ್ಲಿ ಸೊಪ್ಪಿನ ಕಂತೆ ಇತ್ತು. ನನ್ನನ್ನು ಕಂಡು ಬೇಕಂತಲೇ ಅತ್ತಿತ್ತ ವಾಲಿ ತೋರಿಸಿದಳು.

"ನೋಡಪ್ಪ, ಈಗ ಒಂಚೂರೂ ಅಲ್ಲಾಡಲ್ಲ."